ದುಡ್ಡು ತಗೊಳ್ಳದೆ 10 ದಿನ ಊಟ, ವಸತಿ, ಧ್ಯಾನ: ವಿಪಶ್ಯನದವರ ಉದ್ದೇಶ ಏನು?

ಹಾಸನದ ಅಕ್ಕ:

ಎಲ್ಲರಿಗೂ ನಮಸ್ಕಾರ. ಇಲ್ಲಿ ವಿಪಶ್ಯನ ಶಿಬಿರ, ಅಂದರೆ ದಿನಗಟ್ಟಲೆ ಮಾತಾಡದೆ ಕೂತು ಧ್ಯಾನ ಕಲಿಯುವ ಶಿಬಿರ, ಮಾಡಿದವರು, ಅದರ ಬಗ್ಗೆ ಓದಿಕೊಂಡವರು ಇದ್ದೀರಿ. ಅದಕ್ಕೆ ನೇರವಾಗಿ ಕೇಳುತ್ತಿದ್ದೇನೆ.

ನನ್ನ ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹೋದ ವರ್ಷ 10 ದಿನದ ಶಿಬಿರಕ್ಕೆ ಹೋಗಿ ಬಂದ. ಮೊದಲು ಅವನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಫೋನಿನಲ್ಲಿ ಮಾತಾಡುತ್ತಾ ಮಾತಾಡುತ್ತಾ ಕಟ್ ಮಾಡಿಬಿಡುತ್ತಿದ್ದ. ಈಗ ಅದು ತುಂಬಾ ಕಡಿಮೆಯಾಗಿದೆ, ಇದನ್ನು ನಾನು ಒಪ್ಪುತ್ತೇನೆ, ಅಮ್ಮನೂ ಒಪ್ಪುತ್ತಾರೆ. ಆದರೆ ಊರಿಗೆ ಬಂದಾಗ ಬೆಳಗ್ಗೆ ನಾಲ್ಕೂವರೆಗೆ ಎದ್ದು ಹಜಾರದ ಮೂಲೆಯಲ್ಲಿ ದೀಪ ಕೂಡ ಹಾಕದೆ ಒಂದು ಗಂಟೆ ಕೂರುತ್ತಾನೆ, ಸಂಜೆ ಮತ್ತೆ ಒಂದು ಗಂಟೆ. ಗೌರಿ ಹಬ್ಬದ ದಿನ ಎಲ್ಲರೂ ಮಂಗಳಾರತಿ ತಗೊಂಡರೆ ಇವನು ಬಾಗಿಲ ಹತ್ತಿರ ಸುಮ್ನೆ ನಿಂತಿದ್ದ. ಶಿಬಿರಕ್ಕೆ ಹೋಗುವಾಗ ಕೈಯಲ್ಲಿದ್ದ ರಕ್ಷೆಯ ದಾರ ಬಿಚ್ಚಿಟ್ಟು ಹೋಗಿದ್ದ, ವಾಪಸ್ ಕಟ್ಟಿಕೊಂಡೇ ಇಲ್ಲ. ಅಮ್ಮ ಆ ದಾರವನ್ನು ದೇವರ ಮನೆಯ ಕುಂಕುಮದ ಬಟ್ಟಲಲ್ಲಿ ಇಟ್ಟುಕೊಂಡಿದ್ದಾರೆ.

ಈಗ ಇನ್ನೊಂದು ಶಿಬಿರ ಮಾಡುತ್ತೇನೆ, ಆಮೇಲೆ ಅಲ್ಲೇ ಸೇವೆಗೂ ನಿಲ್ಲುತ್ತೇನೆ ಅನ್ನುತ್ತಿದ್ದಾನೆ. ಮನೆಯಲ್ಲಿ ಹೆಣ್ಣು ನೋಡುತ್ತಿದ್ದೇವೆ. ಅಮ್ಮನಿಗೆ ಮಗ ಸನ್ಯಾಸಿ ಆಗಿಬಿಡುತ್ತಾನೆ ಅಂತ ಭಯ. ಸೋದರಮಾವ ಬಂದು "ಇದೆಲ್ಲಾ ಬೌದ್ಧ ಧರ್ಮಕ್ಕೆ ಎಳೆಯೋ ದಾರಿ, 10 ದಿನ ಪುಕ್ಕಟೆ ಊಟ ಹಾಕಿ ಯಾರು ಸುಮ್ನೆ ಕಳಿಸ್ತಾರೆ" ಅಂತ ಹೇಳಿ ಹೋದರು. ಅವತ್ತಿಂದ ಅಮ್ಮನಿಗೆ ನಿದ್ದೆ ಇಲ್ಲ.

ನನಗೆ ಯಾರನ್ನೂ ಬೈಯಬೇಕಿಲ್ಲ. ದುಡ್ಡು ತಗೊಳ್ಳದೆ ಇಷ್ಟೆಲ್ಲಾ ಮಾಡುವವರಿಗೆ ಏನು ಬೇಕು? ಇದರಿಂದ ನಿಜವಾಗಿ ಒಳ್ಳೆಯದಾಗುತ್ತಾ, ಕೆಟ್ಟದ್ದೂ ಆಗಬಹುದಾ? ಹೋಗಿ ಬಂದವರು ಬರೀ ಹೊಗಳುತ್ತಾರೆ, ಹೋಗದವರು ಬರೀ ಬೈಯುತ್ತಾರೆ. ಗೊತ್ತಿರುವವರು ಬಿಡಿಸಿ ಹೇಳಿ.

ತಿಪಟೂರು ತೆಂಗು:

ಅಕ್ಕ, ದುಡ್ಡಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಎಲ್ಲರ ಅನುಮಾನವೂ ಅಲ್ಲಿಂದಲೇ ಶುರುವಾಗುತ್ತೆ.

ನಾನು ಬಹಳ ವರ್ಷಗಳಿಂದ ಈ ಅಭ್ಯಾಸದಲ್ಲಿದ್ದೇನೆ, ಸೇವೆಗೂ ಹೋಗುತ್ತೇನೆ. ಶಿಬಿರಕ್ಕೆ ಸೇರುವಾಗ ಒಂದು ರೂಪಾಯಿ ಕಟ್ಟುವ ಹಾಗಿಲ್ಲ. ಹೊರಗಿನ ಸಾಹುಕಾರರು ಯಾರಾದರೂ ಬಂದು ಲಕ್ಷ ರೂಪಾಯಿ ಕೊಡುತ್ತೇನೆ ಅಂದರೂ ತಗೊಳ್ಳುವುದಿಲ್ಲ. ಒಂದಾದರೂ 10 ದಿನದ ಶಿಬಿರ ಪೂರ್ತಿ ಮಾಡಿದವರಿಂದ ಮಾತ್ರ ದಾನ. ಕೊನೆಗೆ, ಮೌನ ಮುಗಿದ ಮೇಲೆ, ಒಂದು ಮೇಜಿನ ಮುಂದೆ ಒಬ್ಬರು ರಸೀದಿ ಪುಸ್ತಕ ಇಟ್ಟುಕೊಂಡು ಕೂತಿರುತ್ತಾರೆ. ಕೊಡುವವರು ಕೊಡುತ್ತಾರೆ, ಕೊಡದವರು ಬ್ಯಾಗ್ ಎತ್ತಿಕೊಂಡು ಬಸ್ಸಿಗೆ ಹೋಗುತ್ತಾರೆ. ಯಾರೂ ಏನೂ ಕೇಳಲ್ಲ. ನಿಮ್ಮ ತಮ್ಮ ಉಂಡ ಊಟಕ್ಕೆ ಅವನಿಗಿಂತ ಮುಂಚೆ ಬಂದವರು ಕೊಟ್ಟಿದ್ದರು, ಅವನು ಕೊಟ್ಟಿದ್ದರೆ ಅದು ಮುಂದೆ ಬರುವವರಿಗೆ. ಹೇಳಿಕೊಡುವ ಆಚಾರ್ಯರಿಗೆ ಸಂಬಳ ಇಲ್ಲ. ಸೇವೆಗೆ ಬಂದವರಿಗೂ ಇಲ್ಲ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು ಊಟದ ಮನೆ ಒರೆಸಿ, ಸಂಜೆ 5 ಗಂಟೆಗೆ ತಟ್ಟೆಗಳಿಗೆ ಮಂಡಕ್ಕಿ, ಬಾಳೆಹಣ್ಣು ಹಾಕಿ ಸಾಲಾಗಿ ಜೋಡಿಸುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಹೊಸಬರಿಗೆ ರಾತ್ರಿ ಊಟ ಅಂದರೆ ಅಷ್ಟೇ. ಹಳಬರಿಗೆ ಅದೂ ಇಲ್ಲ, ನಿಂಬೆ ನೀರು ಮಾತ್ರ.

ನಮ್ಮ ಸಿದ್ಧಗಂಗೆಯಲ್ಲಿ ದಿನಾ ಸಾವಿರಾರು ಮಕ್ಕಳಿಗೆ ದಾಸೋಹ ನಡೆಯುತ್ತೆ. ಅಲ್ಲಿ "ಇವರಿಗೇನು ಲಾಭ" ಅಂತ ಯಾರೂ ಕೇಳಲ್ಲ ಅಲ್ವಾ? ಕೊಡುವುದು ನಮ್ಮ ನಾಡಿಗೆ ಹೊಸದಲ್ಲ.

ಇನ್ನು ಇದನ್ನು ಶುರು ಮಾಡಿದವರ ಬಗ್ಗೆ. ಸತ್ಯನಾರಾಯಣ ಗೋಯೆಂಕಾ ಅವರು 1924ರಲ್ಲಿ ಬರ್ಮಾದ ಮಾಂಡಲೆಯಲ್ಲಿ ಮಾರವಾಡಿ ವ್ಯಾಪಾರಿಗಳ ಮನೆಯಲ್ಲಿ ಹುಟ್ಟಿದವರು. ಕಟ್ಟಾ ಹಿಂದೂ ಮನೆತನ. ಅವರಿಗೆ ವಿಪರೀತ ತಲೆನೋವು, ಮೈಗ್ರೇನ್. ಮಾರ್ಫಿನ್ ಚುಚ್ಚಿಸಿಕೊಳ್ಳುವವರೆಗೂ ಹೋಗಿತ್ತು. ದೇಶ ದೇಶದ ಡಾಕ್ಟರುಗಳ ಹತ್ತಿರ ತೋರಿಸಿದರು. ಕೊನೆಗೆ ಯಾರೋ ಹೇಳಿದರು ಅಂತ ರಂಗೂನಿನಲ್ಲಿ ಸಯಾಜಿ ಊ ಬಾ ಖಿನ್ ಎಂಬ ಧ್ಯಾನದ ಗುರುಗಳ ಹತ್ತಿರ ಹೋದರು. ಆ ಊ ಬಾ ಖಿನ್ ಭಿಕ್ಷು ಅಲ್ಲ, ಸರ್ಕಾರದ ಅಕೌಂಟೆಂಟ್ ಜನರಲ್ ಆಗಿದ್ದವರು. ತಲೆನೋವು ವಾಸಿ ಮಾಡಿಕೊಳ್ಳಲು ಬಂದಿದ್ದರೆ ವಾಪಸ್ ಹೋಗು, ಇದು ಅದಕ್ಕಲ್ಲ ಅಂತ ಮೊದಲು ಹೇಳಿದರಂತೆ. ಗೋಯೆಂಕಾ 1955ರಲ್ಲಿ ಮೊದಲ ಶಿಬಿರ ಮಾಡಿದರು, 14 ವರ್ಷ ಗುರುಗಳ ಜೊತೆಗಿದ್ದು 1969ರಲ್ಲಿ ಭಾರತಕ್ಕೆ ಬಂದರು. ಮಹಾರಾಷ್ಟ್ರದ ಇಗತಪುರಿಯ ಧಮ್ಮಗಿರಿ ಕೇಂದ್ರ 1976ರಲ್ಲಿ ಶುರುವಾಯಿತು. ನಮ್ಮ ಕಡೆ ತುಮಕೂರು ರಸ್ತೆಯಲ್ಲಿ, ದಾಸನಪುರದ ಹತ್ತಿರ ಆಲೂರಿನಲ್ಲಿ ಧಮ್ಮ ಪಫುಲ್ಲ ಕೇಂದ್ರ ಇದೆ.

ಉದ್ದೇಶ ಏನು ಅಂತ ಕೇಳಿದಿರಲ್ಲ, ಅವರು ಅದನ್ನು ಮುಚ್ಚಿಡಲೇ ಇಲ್ಲ. ಭಾರತದಿಂದ ಬರ್ಮಾಕ್ಕೆ ಹೋದ ವಿದ್ಯೆ, ಭಾರತದಲ್ಲಿ ಮರೆತುಹೋಯಿತು, ಅದನ್ನು ವಾಪಸ್ ಕೊಟ್ಟು ಋಣ ತೀರಿಸಬೇಕು ಅನ್ನುವುದು ಊ ಬಾ ಖಿನ್ ಅವರ ಆಸೆ. ಬುದ್ಧ ಹೋಗಿ 2500 ವರ್ಷ ಆದ ಮೇಲೆ ಅದು ಹುಟ್ಟಿದ ನೆಲಕ್ಕೆ ಮರಳುತ್ತೆ ಅಂತ ಅಲ್ಲಿ ಒಂದು ನಂಬಿಕೆ ಇತ್ತು. ಗೋಯೆಂಕಾ ಅದನ್ನೇ ಜೀವನದ ಕೆಲಸ ಮಾಡಿಕೊಂಡರು.

ಮತಾಂತರದ ಭಯಕ್ಕೆ ಅವರೇ ಉತ್ತರ ಕೊಟ್ಟಿದ್ದಾರೆ. 2000ನೇ ಇಸವಿಯಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯಲ್ಲಿ ಧಾರ್ಮಿಕ ಮುಖಂಡರ ಶಾಂತಿ ಸಮ್ಮೇಳನ ನಡೆದಾಗ, ಒಂದು ಮತದಿಂದ ಇನ್ನೊಂದಕ್ಕೆ ಬದಲಾಗುವುದು ಬೇಡ, ದುಃಖದಿಂದ ಸುಖಕ್ಕೆ ಬದಲಾಗಲಿ ಅಂತ ಮಾತಾಡಿದರು. ಸನ್ಯಾಸದ ಚಿಂತೆಯನ್ನೂ ಅಮ್ಮ ಬಿಡಲಿ. ಗೋಯೆಂಕಾ ಕೊನೆವರೆಗೂ ಸಂಸಾರಿ. ಅವರ ಹೆಂಡತಿ ಪಕ್ಕದಲ್ಲೇ ಕೂತು ಶಿಬಿರ ನಡೆಸುತ್ತಿದ್ದರು.

ಮೈಸೂರು ಓದುಗ:

ದುಡ್ಡಿನ ವಿಷಯದಲ್ಲಿ ತಿಪಟೂರಿನವರು ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಮಹರ್ಷಿ ಮಹೇಶ ಯೋಗಿಯವರ ಸಂಸ್ಥೆ ಅಮೆರಿಕದಲ್ಲಿ ಒಂದು ಮಂತ್ರ ಹೇಳಿಕೊಡಲು ಒಂದು ಕಾಲಕ್ಕೆ 2500 ಡಾಲರ್ ತಗೊಳ್ಳುತ್ತಿತ್ತು. ಅಂಥದ್ದರ ಎದುರು ಇದು ನಿಜಕ್ಕೂ ಬೇರೆ. ಆದರೆ ದುಡ್ಡಿಲ್ಲ ಅಂದರೆ ಉದ್ದೇಶವೇ ಇಲ್ಲ ಅಂತ ಅಲ್ಲ. ತನ್ನ ಬೋಧನೆ ಹರಡಬೇಕು ಅನ್ನುವ ಆಸೆ ದುಡ್ಡಿನ ಆಸೆಗಿಂತ ಬಲವಾದದ್ದು.

ಆ ದಾನದ ನಿಯಮವನ್ನೇ ಇನ್ನೊಂದು ಕಡೆಯಿಂದ ನೋಡಿ. ಶಿಬಿರ ಪೂರ್ತಿ ಮಾಡಿದವರು ಮಾತ್ರ ಕೊಡಬೇಕು, ಪೂರ್ತಿ ಮಾಡಿದವರು ಮಾತ್ರ ಸೇವೆ ಮಾಡಬೇಕು, ಅವರೊಳಗಿಂದಲೇ ಸಹಾಯಕ ಆಚಾರ್ಯರು. ಮೂರನೇ ದಿನ ಕೈಲಾಗದೆ ಎದ್ದು ಬಂದವರು, ಬಂದು ತೊಂದರೆ ಪಟ್ಟವರು ಈ ವ್ಯವಸ್ಥೆಯೊಳಗೆ ಎಲ್ಲೂ ಇಲ್ಲ. ಒಳಗೆ ಉಳಿಯುವವರೆಲ್ಲಾ ಒಳ್ಳೆಯದಾಗಿದೆ ಅಂತ ನಂಬಿದವರೇ. ಹಾಗಾಗಿ ಸಂಸ್ಥೆಗೆ ತನ್ನ ತಪ್ಪು ಕಾಣುವ ಕಣ್ಣು ಕಡಿಮೆ. ಇದಕ್ಕೆ ಯಾರ ಕೆಟ್ಟ ಬುದ್ಧಿಯೂ ಬೇಕಿಲ್ಲ.

ಎರಡನೆಯದು ಚರಿತ್ರೆ. ಬುದ್ಧ ಕಲಿಸಿದ ವಿಧಾನ ಒಂದಿಷ್ಟೂ ಕೆಡದೆ ಗುರುವಿನಿಂದ ಶಿಷ್ಯನಿಗೆ ಬರ್ಮಾದಲ್ಲಿ ಉಳಿದು ಬಂತು ಅಂತ ಶಿಬಿರದ ಪ್ರವಚನದಲ್ಲಿ ಹೇಳುತ್ತಾರೆ. ನಮಗೆ ದಾಖಲೆ ಸಿಗುವುದು ಲೇಡಿ ಸಯಾಡೋ ಎಂಬ ಭಿಕ್ಷುವಿನವರೆಗೆ, ಅವರ ಕಾಲ 1846ರಿಂದ 1923. 1885ರಲ್ಲಿ ಬ್ರಿಟಿಷರು ಮಾಂಡಲೆಯನ್ನು ಹಿಡಿದು ರಾಜ ಥೀಬಾನನ್ನು ನಮ್ಮ ರತ್ನಗಿರಿಗೆ ತಂದು ಇಟ್ಟರು. ಬೌದ್ಧ ಧರ್ಮವನ್ನು ಕಾಯುವ ರಾಜನೇ ಇಲ್ಲವಾದ. ಇನ್ನು ಧರ್ಮ ಉಳಿಯಬೇಕಾದರೆ ಸಂಸಾರಿಗಳೇ ಕಲಿಯಬೇಕು ಅಂತ ಲೇಡಿ ಸಯಾಡೋ ಊರೂರಿಗೆ ಹೋಗಿ ಸಾಮಾನ್ಯ ಜನಕ್ಕೆ ಹೇಳಿಕೊಟ್ಟರು. ಅವರ ನಂತರ ಸಯಾ ಥೆಟ್ಜಿ ಎಂಬ ರೈತ, ಅವರ ಶಿಷ್ಯ ಊ ಬಾ ಖಿನ್, ಆಮೇಲೆ ಗೋಯೆಂಕಾ. ಅಂದರೆ ಸಾವಿರಾರು ಜನ ಸಾಲಾಗಿ ಕೂತು ಧ್ಯಾನ ಮಾಡುವ ಈ ಪದ್ಧತಿಯ ವಯಸ್ಸು ನೂರು ನೂರೈವತ್ತು ವರ್ಷ. ಬರ್ಮಾದಲ್ಲೇ ಮಹಾಸಿ ಸಯಾಡೋ ಹೊಟ್ಟೆ ಏರಿಳಿಯುವುದನ್ನು ಗಮನಿಸುವ ಇನ್ನೊಂದು ವಿಧಾನ ಕಲಿಸಿದರು. ಅದಕ್ಕೂ ವಿಪಶ್ಯನ ಅಂತಲೇ ಹೆಸರು. ನನಗೆ ಲೇಡಿ ಸಯಾಡೋ ಕಥೆ ದೊಡ್ಡದಾಗಿ ಕಾಣುತ್ತೆ. ದೇಶ ಕಳಕೊಂಡ ಜನ ತಮ್ಮದನ್ನು ಉಳಿಸಿಕೊಂಡ ರೀತಿ ಅದು. ಅದನ್ನು ಇದ್ದ ಹಾಗೆ ಹೇಳಿದರೆ ಯಾರೂ ಕಡಿಮೆ ಆಗಲ್ಲ.

ಮೂರನೆಯದು, "ಇದರಲ್ಲಿ ಮತ ಇಲ್ಲ" ಅನ್ನುವ ಮಾತು. ಶಿಬಿರದ ಮೊದಲ ರಾತ್ರಿ ಪಾಲಿ ಭಾಷೆಯಲ್ಲಿ ಬುದ್ಧ, ಧಮ್ಮ, ಸಂಘಕ್ಕೆ ಶರಣು ಹೋಗುತ್ತಾರೆ, ಪಂಚಶೀಲ ತಗೊಳ್ಳುತ್ತಾರೆ. ಬುದ್ಧ ಅನ್ನುವ ವ್ಯಕ್ತಿಗಲ್ಲ, ಆ ಗುಣಕ್ಕೆ ಶರಣು ಅಂತ ವಿವರಣೆ ಕೊಡುತ್ತಾರೆ, ಸರಿ. ಆದರೆ ಹಳೆಯ ಸಂಖಾರಗಳು, ಅಂದರೆ ಮನಸ್ಸಿನಲ್ಲಿ ಉಳಿದ ಸಂಸ್ಕಾರಗಳು, ಮೈಮೇಲೆ ಎದ್ದು ಬಂದು ಕರಗುತ್ತವೆ, ಸತ್ತ ಮೇಲೂ ಮುಂದುವರಿಯುತ್ತವೆ ಅನ್ನುವುದು ಬೌದ್ಧ ಸಿದ್ಧಾಂತವೇ. ಮುಂಬೈನ ಗೊರಾಯಿಯಲ್ಲಿ 8000 ಜನ ಕೂರುವ, ಒಂದು ಕಂಬವೂ ಇಲ್ಲದ ಪಗೋಡ ಕಟ್ಟಿ ಅದರಲ್ಲಿ ಬುದ್ಧನ ಅಸ್ಥಿ ಇಟ್ಟಿದ್ದಾರೆ. ಬೌದ್ಧ ಅಂತಲೇ ಹೇಳಲಿ. ಅದರಲ್ಲಿ ತಪ್ಪೇನಿದೆ? ಹೇಳದೆ ಇದ್ದಾಗಲೇ ನಿಮ್ಮ ಸೋದರಮಾವನಂಥವರಿಗೆ ಅನುಮಾನ ಬರುವುದು.

ಇದು ವಿಜ್ಞಾನ ಅಂತ ಶಿಬಿರದವರು ಹೇಳುವ ಮಾತಿಗೂ ಒಂದು ಮಿತಿ ಇದೆ. 2014ರಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ ಧ್ಯಾನದ 47 ಪ್ರಯೋಗಗಳನ್ನು, ಒಟ್ಟು 3515 ಜನರ ಮೇಲಿನದ್ದು, ಒಟ್ಟಿಗೆ ಇಟ್ಟು ನೋಡಿದರು. ಸ್ಮೃತಿ ಧ್ಯಾನದಿಂದ (ಮೈಂಡ್‌ಫುಲ್‌ನೆಸ್) ಆತಂಕ, ಖಿನ್ನತೆ, ನೋವು ಸ್ವಲ್ಪ ಕಡಿಮೆಯಾಗುತ್ತೆ ಅನ್ನುವುದಕ್ಕೆ ಮಧ್ಯಮ ಮಟ್ಟದ ಆಧಾರ ಸಿಕ್ಕಿತು. ವ್ಯಾಯಾಮ, ಔಷಧಿ, ಆಪ್ತ ಸಲಹೆ ಇವುಗಳಿಗಿಂತ ಜಾಸ್ತಿ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ನಿಮ್ಮ ತಮ್ಮನ ಸಿಟ್ಟು ಇಳಿದದ್ದು ನಿಜ ಇರಬಹುದು, ಅದಕ್ಕೆ ಇದೊಂದೇ ದಾರಿ ಅಂತ ಅವನು ಅಂದುಕೊಳ್ಳಬೇಕಿಲ್ಲ.

ರಾತ್ರಿಪಾಳಿ:

ಅಕ್ಕ, ನಾನು ಮಾನಸಿಕ ರೋಗಿಗಳ ವಾರ್ಡಿನಲ್ಲಿ ನರ್ಸ್. ಬುದ್ಧ, ಬರ್ಮಾ ಎಲ್ಲಾ ಮೇಲಿನವರು ಹೇಳಿದ್ದಾರೆ. ನನ್ನ ಚಿಂತೆ ಬೇರೆ, ಮತ್ತು ಯಾಕೋ ಈ ಚರ್ಚೆಗಳಲ್ಲಿ ಅದು ಕೊನೆಗೆ ಬರುತ್ತೆ.

ನನ್ನ ಚಿಕ್ಕಪ್ಪನ ಮಗ ಒಂದು ಮೌನ ಶಿಬಿರಕ್ಕೆ ಹೋಗಿದ್ದ. ಯಾವ ಸಂಸ್ಥೆ ಅಂತ ಬರೆಯಲ್ಲ. ಐದಾರು ದಿನ ಆಗುವ ಹೊತ್ತಿಗೆ ನಿದ್ದೆ ಪೂರ್ತಿ ನಿಂತುಹೋಯಿತು. ಅವನಿಗೆ ಅದು ಆನಂದ ಅನ್ನಿಸಿತ್ತು. ರಾತ್ರಿಯೆಲ್ಲಾ ಕಣ್ಣು ಬಿಟ್ಟುಕೊಂಡು ಮೈಯೊಳಗೆ ಕರೆಂಟ್ ಹರಿಯುತ್ತಿದೆ ಅಂತ ಮಲಗಿರುತ್ತಿದ್ದ. ಅಲ್ಲಿದ್ದ ಸೇವಕರಿಗೆ ಹೇಳಿದ. ಒಳಗಿನ ಕೊಳೆ ಹೊರಗೆ ಬರುತ್ತಿದೆ, ಹೆದರಬೇಡ, ಮುಂದುವರಿಸು ಅಂದರು. ಅವರು ಕೆಟ್ಟವರಲ್ಲ, ಅವರಿಗೆ ಗೊತ್ತಿದ್ದದ್ದು ಅಷ್ಟೇ. ಮನೆಗೆ ಬಂದಾಗ ಒಂದೇ ಸಮ ಮಾತು, ತಾನು ಎಲ್ಲರ ಮನಸ್ಸು ಓದಬಲ್ಲೆ ಅಂತ. ಆಸ್ಪತ್ರೆಗೆ ಸೇರಿಸಿದೆವು. ಕಾಲೇಜಿನ ದಿನಗಳಲ್ಲಿ ಒಂದು ಸಲ ಹೀಗೇ ಆಗಿತ್ತು, ಅರ್ಜಿಯಲ್ಲಿ ಅದನ್ನು ಬರೆದಿರಲಿಲ್ಲ. ಈಗ ಚೆನ್ನಾಗಿದ್ದಾನೆ, ಮಾತ್ರೆ ತಗೊಳ್ಳುತ್ತಾನೆ, ಕೆಲಸಕ್ಕೆ ಹೋಗುತ್ತಾನೆ.

ಇದು ಅಪರೂಪ ಇರಬಹುದು. ಆದರೆ ಕಟ್ಟುಕಥೆ ಅಲ್ಲ. 2017ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರ ಒಂದು ಅಧ್ಯಯನ ಬಂತು. ಪಾಶ್ಚಾತ್ಯ ಬೌದ್ಧ ಸಾಧಕರನ್ನು, ಅವರಿಗೆ ಕಲಿಸುವವರನ್ನು ಕೂರಿಸಿ ಮಾತಾಡಿಸಿದರು. ಧ್ಯಾನದಲ್ಲಿ ಎದುರಾದ ಕಷ್ಟದ ಅನುಭವಗಳನ್ನು 59 ಬಗೆಯಾಗಿ ವಿಂಗಡಿಸಿದ್ದಾರೆ. ಭಯ, ನಿದ್ದೆ ಹೋಗುವುದು, ತಾನು ಯಾರು ಅನ್ನುವುದೇ ಕಳೆದುಹೋದ ಹಾಗೆ ಆಗುವುದು, ಇಲ್ಲದ್ದು ಕಾಣುವುದು. ಮೊದಲೇ ಕಾಯಿಲೆ ಇದ್ದವರಿಗೆ ಮಾತ್ರ ಹೀಗೆ ಆಗಿದ್ದಲ್ಲ.

ವಿಪಶ್ಯನ ಸಂಸ್ಥೆಯ ನಿಯಮಾವಳಿಯಲ್ಲೇ ಇದನ್ನು ಬರೆದಿದ್ದಾರೆ, ಅದನ್ನು ಹೇಳಲೇಬೇಕು. ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಇದನ್ನು ಸೂಚಿಸುವುದಿಲ್ಲ, ನಾವು ವೃತ್ತಿಪರರಲ್ಲದ ಸ್ವಯಂಸೇವಕರು, ಅಂಥವರನ್ನು ಸರಿಯಾಗಿ ನೋಡಿಕೊಳ್ಳಲು ನಮ್ಮಿಂದ ಆಗುವುದಿಲ್ಲ ಅಂತ. ಅರ್ಜಿಯಲ್ಲೂ ಕೇಳುತ್ತಾರೆ. ಪ್ರಾಮಾಣಿಕವಾದ ಮಾತು. ಆದರೆ ನಮ್ಮ ಜನ ಆ ಜಾಗದಲ್ಲಿ ನಿಜ ಬರೆಯುತ್ತಾರಾ? ಮದುವೆ ಕೆಡುತ್ತೆ, ಕೆಲಸ ಹೋಗುತ್ತೆ ಅಂತ ಡಾಕ್ಟರಿಗೇ ಮುಚ್ಚಿಡುವವರು ಒಂದು ಅರ್ಜಿಯಲ್ಲಿ ಬರೆಯುತ್ತಾರಾ? ಬೆಳಗ್ಗೆ 4ಕ್ಕೆ ಗಂಟೆ, ರಾತ್ರಿ 9:30ಕ್ಕೆ ದೀಪ ಆರಿಸುವುದು, ದಿನಕ್ಕೆ ಹತ್ತು ಗಂಟೆ ಕೂರುವುದು, ಮಾತಿಲ್ಲ, ಫೋನಿಲ್ಲ, ಪುಸ್ತಕ ಇಲ್ಲ, ಬರೆಯುವ ಹಾಗೂ ಇಲ್ಲ. ಗಟ್ಟಿಯಾಗಿರುವ ಮನಸ್ಸಿಗೂ ಇದು ಸಣ್ಣ ಭಾರ ಅಲ್ಲ.

ತಿಪಟೂರು ತೆಂಗು:

ಮೇಡಂ, ನಿಮ್ಮ ಚಿಕ್ಕಪ್ಪನ ಮಗನಿಗೆ ಆದದ್ದು ಓದಿ ಬೇಸರವಾಯಿತು. ನಿಮ್ಮ ಮಾತನ್ನು ತಳ್ಳಿಹಾಕಲ್ಲ. ಆದರೆ ಎರಡು ವಿಷಯ ಸೇರಿಸಬೇಕು. ಮಧ್ಯಾಹ್ನ 12ರಿಂದ 1ರವರೆಗೆ ಯಾರು ಬೇಕಾದರೂ ಆಚಾರ್ಯರ ಹತ್ತಿರ ಒಬ್ಬರೇ ಹೋಗಿ ಮಾತಾಡಬಹುದು. ಸೇವಕರ ಹತ್ತಿರವೂ ತೊಂದರೆ ಹೇಳಬಹುದು, ಮೌನ ಅದಕ್ಕೆ ಅಡ್ಡ ಬರಲ್ಲ. ಮತ್ತೆ ನಡುವೆ ಬಿಟ್ಟು ಹೋಗಬೇಡಿ ಅಂತ ಒತ್ತಿ ಹೇಳುವುದಕ್ಕೂ ಕಾರಣ ಇದೆ. ಮೊದಲ ಮೂರು ದಿನ ಉಸಿರು ಮಾತ್ರ, ನಾಲ್ಕನೇ ದಿನ ಮೈಯ ಸಂವೇದನೆಗಳನ್ನು ಸುಮ್ಮನೆ ಗಮನಿಸುವ ವಿಪಶ್ಯನ, ಅಲ್ಲಿಂದ ದಿನಕ್ಕೆ ಮೂರು ಸಲ ಒಂದೊಂದು ಗಂಟೆ ಕೈ ಕಾಲು ಕಣ್ಣು ಅಲುಗಾಡಿಸದೆ ಕೂರುವ ಅಧಿಟ್ಠಾನ, 10ನೇ ದಿನ ಎಲ್ಲರಿಗೂ ಒಳ್ಳೆಯದು ಹಾರೈಸುವ ಮೈತ್ರಿ ಧ್ಯಾನ. ಆ ಮೈತ್ರಿಯ ದಿನ ಎಲ್ಲರೂ ಮಾತಾಡಿ, ನಕ್ಕು, ಮನಸ್ಸು ಹಗುರ ಮಾಡಿಕೊಂಡು ಹೊರಗೆ ಹೋಗಲಿ ಅಂತಲೇ ಇಟ್ಟಿದ್ದಾರೆ. ಆರನೇ ದಿನ ಎದ್ದು ಹೋದವರಿಗೆ ಅದು ಸಿಗಲ್ಲ.

1994ರಲ್ಲಿ ತಿಹಾರ್ ಜೈಲಿನಲ್ಲಿ, ಕಿರಣ್ ಬೇಡಿ ಅಧಿಕಾರಿಯಾಗಿದ್ದಾಗ, ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ ಶಿಬಿರ ಮಾಡಿದರು. ಅದನ್ನು ಗೋಯೆಂಕಾ ಅವರೇ ನಡೆಸಿದರು. ಜೈಲಿನಲ್ಲಿ ಇರುವವರಿಗಿಂತ ಕಷ್ಟದ ಮನಸ್ಸು ಯಾರದಿದೆ ಹೇಳಿ?

ರಾತ್ರಿಪಾಳಿ:

ಅಣ್ಣ, ತಿಹಾರಿನದು ದೊಡ್ಡ ಕೆಲಸ, ಅನುಮಾನ ಇಲ್ಲ. ಆದರೆ ಜೈಲಿನಲ್ಲಿ ಶಿಬಿರ ಮುಗಿದ ಮೇಲೂ ಕೈದಿ ಅಲ್ಲೇ ಇರುತ್ತಾನೆ, ಅವನನ್ನು ನೋಡುವವರು ಇರುತ್ತಾರೆ. ಇಲ್ಲಿ 11ನೇ ದಿನ ಬೆಳಗ್ಗೆ ಬ್ಯಾಗ್ ಹಿಡಿದು ಗೇಟಿನ ಹೊರಗೆ ಬಂದವನನ್ನು ಯಾರು ನೋಡುತ್ತಾರೆ?

ಬಿಟ್ಟು ಹೋಗಬೇಡಿ ಅನ್ನುವ ಮಾತೇ ನನ್ನನ್ನು ಹೆದರಿಸುವುದು. ಮಂಡಿನೋವು, ಬೇಜಾರು, ಮನೆ ನೆನಪು, ಇದಕ್ಕೆಲ್ಲಾ "ಸಹಿಸಿಕೋ" ಅಂದರೆ ಸರಿ. ಎರಡು ರಾತ್ರಿ ಒಂದು ಚೂರೂ ನಿದ್ದೆ ಬಾರದವನಿಗೆ, ಯಾರೋ ಕಿವಿಯಲ್ಲಿ ಮಾತಾಡುತ್ತಿದ್ದಾರೆ ಅನ್ನುವವನಿಗೆ ಅದೇ ಮಾತು ಹೇಳಿದರೆ ಅಪಾಯ. ಈ ಎರಡರ ನಡುವಿನ ವ್ಯತ್ಯಾಸ ಗುರುತಿಸಲು ತರಬೇತಿ ಬೇಕು, ಒಳ್ಳೆಯ ಮನಸ್ಸು ಸಾಲದು. ಒಂದೊಂದು ಶಿಬಿರಕ್ಕೂ ಫೋನಿನಲ್ಲಿ ಸಿಗುವ ಒಬ್ಬ ಮನೋವೈದ್ಯರು ಇರಲಿ, ಮನೆಗೆ ಹೋಗಿ ಒಂದು ವಾರ ಆದ ಮೇಲೆ ಪ್ರತಿಯೊಬ್ಬರಿಗೂ ಒಂದು ಕರೆ ಹೋಗಲಿ. ಇಷ್ಟು ಜನ ಸೇವಕರು ಇರುವ ಸಂಸ್ಥೆಗೆ ಇದು ಕಷ್ಟವಾ? ಇಷ್ಟು ಮಾಡಿದರೆ ನಾನೇ ನಾಲ್ಕು ಜನಕ್ಕೆ ಹೋಗಿ ಅಂತ ಹೇಳುತ್ತೇನೆ.

ತಿಪಟೂರು ತೆಂಗು:

ಒಂದು ವಾರದ ನಂತರ ಕರೆ ಮಾಡುವುದು ಒಳ್ಳೆಯ ಮಾತು. ಮುಂದಿನ ಸಲ ಸೇವೆಗೆ ಹೋದಾಗ ಆಚಾರ್ಯರ ಮುಂದೆ ಇಡುತ್ತೇನೆ.

ಕಲಬುರಗಿ ಭೀಮ:

ಅಕ್ಕಾರೇ, ಮತಾಂತರದ ಮಾತು ಬಂತಲ್ಲ, ಅದಕ್ಕೆ ಬರೆಯಾಕತ್ತೀನಿ. ನಮ್ಮದು ಬೌದ್ಧರ ಮನೆ. ಬಾಬಾಸಾಹೇಬರು 1956ರ ಅಕ್ಟೋಬರ್ 14ಕ್ಕೆ ನಾಗಪುರದಲ್ಲಿ ದೀಕ್ಷೆ ತಗೊಂಡರು, ಲಕ್ಷಾಂತರ ಜನಕ್ಕೆ 22 ಪ್ರತಿಜ್ಞೆ ಹೇಳಿಸಿದರು. ಅದು ಬಹಿರಂಗವಾಗಿ, ಎಲ್ಲರ ಎದುರು ಹೇಳಿ ಮಾಡಿದ ಧರ್ಮಾಂತರ. ಹಿಂದೂ ದೇವರನ್ನು ಪೂಜೆ ಮಾಡುವುದಿಲ್ಲ ಅಂತ ಅದರಲ್ಲಿ ನೇರವಾಗಿ ಇದೆ.

ಗೋಯೆಂಕಾ ಅವರ ಶಿಬಿರದಲ್ಲಿ ಅಂಥ ಒಂದು ಮಾತೂ ಇಲ್ಲ. ನಾನು ಹೋಗಿ ಕೂತು ಬಂದವನು. 10 ದಿನ ಪೂಜೆ, ಜಪ, ದೀಪ, ಉಪವಾಸ ಎಲ್ಲಾ ಬದಿಗಿಡಿ, ತಾಯತ ಜಪಮಾಲೆ ತರಬೇಡಿ ಅಂತಾರೆ. ಈ ವಿಧಾನವನ್ನು ಇನ್ನೊಂದರ ಜೊತೆ ಬೆರೆಸದೆ ಪರೀಕ್ಷೆ ಮಾಡಿ ಅನ್ನುವುದು ಅದರ ಅರ್ಥ. ಮನೆಗೆ ಹೋದ ಮೇಲೆ ಹಬ್ಬ ಮಾಡಬೇಡಿ ಅಂತ ಯಾರೂ ಅಂದಿಲ್ಲ. ಬಾಗಿಲ ಹತ್ತಿರ ನಿಂತಿದ್ದು ನಿಮ್ಮ ತಮ್ಮನ ಸ್ವಂತ ತೀರ್ಮಾನ. ಅದನ್ನು ಅವನನ್ನೇ ಕೇಳ್ರಿ, ಸೋದರಮಾವನ್ನ ಕೇಳಬ್ಯಾಡ್ರಿ.

ನಮ್ಮ ಕಡೆಯವರ ತಕರಾರು ಪೂರ್ತಿ ಉಲ್ಟಾ. ಇವರು ಬುದ್ಧನನ್ನು ತಗೊಂಡು ಜಾತಿಯ ಮಾತನ್ನು ಬಿಟ್ಟರು ಅಂತ. ದುಃಖ ಎಲ್ಲಾ ನಿನ್ನ ಮನಸ್ಸಿನ ರಾಗ ದ್ವೇಷದಿಂದ ಅಂತ ಸಂಜೆ ಪ್ರವಚನದಲ್ಲಿ ಕೇಳುವಾಗ ನನಗೆ ಒಳಗೆ ಉರಿಯಿತು. ಊರ ಬಾವಿಯಿಂದ ನಮ್ಮ ಅಜ್ಜನನ್ನು ದೂರ ಇಟ್ಟಿದ್ದು ಅಜ್ಜನ ಮನಸ್ಸಿನ ದೋಷ ಅಲ್ಲ. ಬಾಬಾಸಾಹೇಬರ ಬುದ್ಧ ಬೀದಿಗೆ ಬಂದು ನ್ಯಾಯ ಕೇಳುತ್ತಾನೆ, ಈ ಶಿಬಿರದ ಬುದ್ಧ ಕಣ್ಣು ಮುಚ್ಚಿ ಕೂತಿರುತ್ತಾನೆ. ಆ ಸಿಟ್ಟು ನನಗೆ ಈಗಲೂ ಇದೆ.

ಆದರೆ ಇನ್ನೊಂದನ್ನೂ ಹೇಳಬೇಕು. ಅಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿ ಒಬ್ಬ ಹಿರಿಯರು, ಜನಿವಾರ ಹಾಕಿದ್ದರು. 10ನೇ ದಿನದವರೆಗೆ ಒಂದು ಮಾತಿಲ್ಲ, ಹೆಸರು ಕೇಳುವ ಹಾಗಿಲ್ಲ, ಅಡ್ಡಹೆಸರು ಕೇಳುವ ಹಾಗಿಲ್ಲ. ಒಂದೇ ಸಾಲಿನಲ್ಲಿ ನಿಂತು ಬಡಿಸಿಕೊಂಡು, ಒಂದೇ ನಲ್ಲಿಯ ಕೆಳಗೆ ಅವರ ತಟ್ಟೆ ಅವರು ತೊಳೆದರು, ನನ್ನದು ನಾನು. ಊರಲ್ಲಿ ಮೊದಲು ಅಡ್ಡಹೆಸರು ಕೇಳಿಯೇ ಮಾತಿಗೆ ಕೂರುವ ಜನರ ನಡುವೆ ಬೆಳೆದವನಿಗೆ ಅದು ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಆ ಕಾರಣಕ್ಕೆ ನಮ್ಮ ಹುಡುಗರಿಗೆ ಹೋಗಬ್ಯಾಡ್ರಿ ಅಂತ ನಾನು ಅನ್ನಲ್ಲ. ಹೋಗ್ರಿ, ಬಂದು ಸಂಘಟನೆಯ ಕೆಲಸಾನೂ ಮಾಡ್ರಿ ಅಂತೀನಿ.

ಮೈಸೂರು ಓದುಗ:

ಭೀಮ ಅವರೇ, ನೀವು ಹೇಳಿದ ಮೇಲೆ ಒಂದು ವಿಷಯ ಸೇರಿಸುತ್ತೇನೆ. ಗೋಯೆಂಕಾ ಎಲ್ಲಾ ಕಡೆಯೂ ಸುಮ್ಮನೆ ಕೂತಿರಲಿಲ್ಲ. 1999ರ ನವೆಂಬರ್‌ನಲ್ಲಿ ಸಾರನಾಥದಲ್ಲಿ ಕಂಚಿ ಮಠದ ಸ್ವಾಮೀಜಿ ಜಯೇಂದ್ರ ಸರಸ್ವತಿಯವರ ಜೊತೆ ಕೂತು ಒಂದು ಜಂಟಿ ಹೇಳಿಕೆ ಹೊರಡಿಸಿದರು. ಬುದ್ಧ ವಿಷ್ಣುವಿನ ಅವತಾರ ಅನ್ನುವ ಮಾತನ್ನು ಇನ್ನು ಬಿಡಬೇಕು, ಅದು ನೆರೆಯ ಬೌದ್ಧ ದೇಶಗಳ ಮನಸ್ಸು ನೋಯಿಸುತ್ತೆ ಅಂತ. 22 ಪ್ರತಿಜ್ಞೆಯಲ್ಲೂ ಬುದ್ಧ ವಿಷ್ಣುವಿನ ಅವತಾರ ಅಲ್ಲ ಅನ್ನುವುದು ಒಂದು. ಜಾತಿಯ ಬಗ್ಗೆ ನಿಮ್ಮ ಸಿಟ್ಟಿಗೆ ಇದು ಉತ್ತರ ಅಲ್ಲ, ಅದು ನನಗೆ ಗೊತ್ತು.

ಹಾಸನದ ಅಕ್ಕ:

ಎಲ್ಲರಿಗೂ ಧನ್ಯವಾದ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲಾ ಓದಿ ಹೇಳಿದೆ. ಗೋಯೆಂಕಾ ಸಂಸಾರಿ ಅಂತ ಕೇಳಿ ಅಮ್ಮನ ಮುಖ ಸ್ವಲ್ಪ ಅರಳಿತು. ನರ್ಸ್ ಅಕ್ಕ ಬರೆದದ್ದು ಕೇಳಿ ಮತ್ತೆ ಸುಮ್ಮನಾದರು.

ಭೀಮಣ್ಣ ಹೇಳಿದ ಹಾಗೆ ಅವನಿಗೇ ಫೋನ್ ಮಾಡಿ ಕೇಳಿದೆ. ಮಂಗಳಾರತಿ ಯಾಕೆ ತಗೊಳ್ಳಲಿಲ್ಲ ಅಂತ. "ನಂಬಿಕೆ ಇಲ್ಲದೆ ಕೈ ಚಾಚೋದು ಸುಳ್ಳು ಅನ್ನಿಸ್ತು ಅಕ್ಕ, ಅಲ್ಲಿ ಯಾರೂ ಹೇಳಿಕೊಟ್ಟಿದ್ದಲ್ಲ" ಅಂದ. ಅದು ಅವನ ಮಾತು, ನಾನು ಅದನ್ನು ಗೌರವಿಸುತ್ತೇನೆ. ಅಮ್ಮನಿಗೆ ನೋವಾಗಿದೆ, ಅದನ್ನು ಅವರಿಬ್ಬರೇ ಕೂತು ಮಾತಾಡಿಕೊಳ್ಳಲಿ.

ನಿದ್ದೆಯ ವಿಷಯವನ್ನೂ ಕೇಳಿದೆ. ಶಿಬಿರದಲ್ಲಿ ಮೊದಲ ಎರಡು ಮೂರು ರಾತ್ರಿ ಕಷ್ಟ ಆಯಿತು, ಆಮೇಲೆ ಚೆನ್ನಾಗಿ ಬಂತು ಅಂದ. ನಮ್ಮ ತಂದೆಯ ಕಡೆ ಒಬ್ಬರಿಗೆ ಮಾನಸಿಕ ಕಾಯಿಲೆ ಇತ್ತು. ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಇವತ್ತು ಅವನಿಗೆ ಹೇಳಿದೆ, ಮುಂದಿನ ಅರ್ಜಿಯಲ್ಲಿ ಬರಿ ಅಂತಲೂ ಹೇಳಿದೆ. ಬರೆದರೆ ಸೇರಿಸಿಕೊಳ್ಳಲ್ವಾ? ಅವನು ಒಳಗಿದ್ದಾಗ ಮನೆಯವರು ಫೋನ್ ಮಾಡಿ ವಿಚಾರಿಸಬಹುದಾ?

ತಿಪಟೂರು ತೆಂಗು:

ಬರೆದ ತಕ್ಷಣ ಬೇಡ ಅನ್ನಲ್ಲ ಅಕ್ಕ. ಕೆಲವೊಮ್ಮೆ ಅವರೇ ಕರೆ ಮಾಡಿ ಇನ್ನಷ್ಟು ವಿವರ ಕೇಳುತ್ತಾರೆ, ಡಾಕ್ಟರ ಚೀಟಿ ಕೇಳಬಹುದು. ಮನೆಯವರು ಅವನ ಜೊತೆ ನೇರವಾಗಿ ಮಾತಾಡಲು ಆಗಲ್ಲ. ತುರ್ತು ಇದ್ದರೆ ಕೇಂದ್ರದ ಕಚೇರಿಗೆ ಫೋನ್ ಮಾಡಿದರೆ ಅವನಿಗೆ ಮುಟ್ಟಿಸುತ್ತಾರೆ. ನಂಬರನ್ನು ಅವನು ಹೋಗುವ ಮುಂಚೆಯೇ ಬರೆಸಿಕೊಳ್ಳಿ, ಅವನ ಫೋನ್ ಒಳಗೆ ಜಮಾ ಆಗಿರುತ್ತೆ.

ರಾತ್ರಿಪಾಳಿ:

ಅವನು ಶಿಬಿರ ಮುಗಿಸಿ ಬರುವಾಗ ಬಸ್ ನಿಲ್ದಾಣಕ್ಕೆ ಯಾರಾದರೂ ಕರೆದುಕೊಂಡು ಬರಲು ಹೋಗಿ ಅಕ್ಕ. ಮೊದಲ ಎರಡು ದಿನ ಮನೆಯಲ್ಲೇ ಇರಲಿ, ಸೋಮವಾರ ಬೆಳಗ್ಗೆಯೇ ಆಫೀಸಿಗೆ ಓಡುವುದು ಬೇಡ. ರಾತ್ರಿ ಎಷ್ಟು ಹೊತ್ತು ಮಲಗಿದ ಅಂತ ಮಾತ್ರ ನೋಡಿಕೊಳ್ಳಿ. ಎರಡು ರಾತ್ರಿ ನಿದ್ದೆ ಇಲ್ಲದೆಯೂ ಅವನಿಗೆ ಸುಸ್ತೇ ಆಗದೆ ಹುಮ್ಮಸ್ಸು ಜಾಸ್ತಿ ಕಂಡರೆ, ಕಾಯಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.